ಬಂಡೆ ಹತ್ತುವ ಬಂಡಿಗೆ ಯಾವ ಬಣ್ಣ?

ರಜೆಗೆ ಬಂದ ಅಕ್ಕನ ಮಗ ಬ್ಯಾಗಿನಿಂದ ಬಟ್ಟೆಗಿಂತ ಮೊದಲು ತೆಗೆದದ್ದು ಒಂದು ಪುಟ್ಟ ಜೀಪು. ನಿಜವಾದ ಜೀಪಿನ ಹತ್ತನೇ ಒಂದು ಪಾಲು, ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 313 ಮಿಲಿಮೀಟರ್. ರಿಮೋಟ್ ಒತ್ತಿದರೆ ಓಡುವುದಿಲ್ಲ, ತೆವಳುತ್ತದೆ. ಅದಕ್ಕೇ ಇದರ ಹೆಸರು ರಾಕ್ ಕ್ರಾಲರ್. ಒಂದು ಗಾಲಿ ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ಬಿರುಕಿನಲ್ಲಿ ಊರಿ, ಉಡದ ಹಾಗೆ ಕಚ್ಚಿ ಹಿಡಿದು ಬಂಡೆ ಹತ್ತುತ್ತದೆ.

ಇಂಥ ಆಟಕ್ಕೆ ನಮ್ಮ ಮದ್ದೂರಿಗಿಂತ ಒಳ್ಳೆಯ ಜಾಗ ಬೇಕೆ? ವಡೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿಗೆ ಹೊಗುವಲ್ಲಿ ಚೆಕ್‌ಪೋಸ್ಟ್ ಇದೆಯಲ್ಲ, ಆ ಮದ್ದೂರು. ನಮ್ಮ ಹಿತ್ತಲ ಬೇಲಿಯಾಚೆ ಆನೆ ಮಗ್ಗುಲಾದಂತೆ ಒಂದು ಬಂಡೆ ಇದೆ. ಬಿಸಿಲು ಇಳಿಯುವ ಮುಂಚೆ ಮನೆಗೆ ಬಂದುಬಿಡಬೇಕು ಅನ್ನುವುದೊಂದೇ ಷರತ್ತು. ಸಂಜೆಯಾದರೆ ಆ ಕಡೆ ನಿಜವಾದ ಆನೆಗಳ ಓಡಾಟ.

ಮೂರು ದಿನ ಆಡಿದ. ನಡುವೆ ಒಂದು ಮುಂಗಾರುಪೂರ್ವ ಮಳೆಯೂ ಬಂತು. ನಾಲ್ಕನೇ ದಿನ ಜೀಪನ್ನು ಅಂಗಾತ ಮಾಡಿ ಜಗಲಿಯ ಮೇಲಿಟ್ಟ. ಚಾಸಿಯ ಎರಡು ಉಕ್ಕಿನ ಪಟ್ಟಿಗಳ ಅಂಚಿನಲ್ಲಿ ಕಪ್ಪು ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ನಿಂತಿತ್ತು. ಉಗುರು ಕೊಟ್ಟೆ, ಇನ್ನೊಂದು ಚೂರು ಕೈಗೆ ಬಂತು. ಮೇಲೆ ಕಾಣುತ್ತಿದ್ದ ಗಾಯ ಕಡಲೆಕಾಳಿನಷ್ಟು, ಒಳಗೊಳಗೇ ಹರಡಿದ್ದ ತುಕ್ಕು ಹುಣಸೆಬೀಜದಷ್ಟು.

“ಮಾವ, ಯಾವ ಬಣ್ಣ ಹೊಡೆದರೆ ಹೋಗಲ್ಲ?” ಅಂದ.

ಆ ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟಿನ ಗೇಟು ಬಿತ್ತು. ಅಲ್ಲಿಂದ ಬೆಳಿಗ್ಗೆ ಆರರವರೆಗೆ ಒಂದೆರಡು ಬಸ್ಸು, ತುರ್ತು ವಾಹನ ಬಿಟ್ಟರೆ ಹೆದ್ದಾರಿಯಲ್ಲಿ ಸದ್ದಿಲ್ಲ. ಕಾಡುಪ್ರಾಣಿಗಳಿಗೆಂದು 2009ರಲ್ಲಿ ಬಂದ ಈ ನಿರ್ಬಂಧ ನಮ್ಮ ಮಾತಿಗೂ ಒಳ್ಳೆಯ ಬಿಡುವು ಕೊಟ್ಟಿದೆ. ಎಮರಿ ಕಾಗದ ಹಿಡಿದು ಪಟ್ಟಿ ಉಜ್ಜುತ್ತಾ ಕೂತೆವು.

ಅವನ ಮನಸ್ಸೆಲ್ಲ ಪೌಡರ್ ಕೋಟಿಂಗ್ ಮೇಲೆ. ಅದೇನೂ ಕಡಿಮೆಯದಲ್ಲ. ಬಣ್ಣದ ಒಣಪುಡಿಗೆ ವಿದ್ಯುತ್ತಿನ ಚಾರ್ಜು ಕೊಟ್ಟು ಲೋಹಕ್ಕೆ ಅಂಟಿಸಿ, 180–200 ಡಿಗ್ರಿಯ ಒಲೆಯಲ್ಲಿ ಬೇಯಿಸಿದರೆ ಪುಡಿ ಕರಗಿ ಒಂದೇ ಹಾಳೆಯಾಗುತ್ತದೆ. ಇದರ ಅಜ್ಜನನ್ನು ನೋಡಬೇಕಿದ್ದರೆ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿ ತಿರುಗುವ ಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ, ಮೇಲೆ ಕೇದಗೆ ಗರಿ ಹಿಡಿದರೆ ಹೊಳಪು. ಮಗು ಬಾಯಿಗಿಟ್ಟು ಚೀಪಿದರೂ ಆ ಬಣ್ಣ ಜಗ್ಗುವುದಿಲ್ಲ. ಆದರೆ ಆ ಬೊಂಬೆಯನ್ನು ಯಾರೂ ಬಂಡೆಗೆ ಉಜ್ಜುವುದಿಲ್ಲ.

ತೊಡಕಿರುವುದೇ ಅಲ್ಲಿ. ಪೌಡರ್ ಕೋಟಿಂಗಿನ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಸಮತಟ್ಟು ಜಾಗದಲ್ಲಿ ಗಟ್ಟಿ, ಚೂಪು ಅಂಚಿನಲ್ಲಿ ತೆಳು. ಕಲ್ಲು ತಗಲುವುದು ಅಂಚಿಗೇ. ಒಮ್ಮೆ ಕಿತ್ತರೆ ಸಂದಿಯಲ್ಲಿ ನೀರು ನುಗ್ಗುತ್ತದೆ, ಮೇಲಿನ ಹಾಳೆಯೇ ಆ ತೇವವನ್ನು ಒಳಗೆ ಕಾಪಾಡಿಕೊಂಡು ಕೂರುತ್ತದೆ. ಸ್ಕ್ರೂ ತೂತುಗಳ ಕಷ್ಟ ಬೇರೆ. ಮೂರು ಮಿಲಿಮೀಟರಿನ ಸ್ಕ್ರೂ ತೂತಿನ ಸುತ್ತ ಅಷ್ಟು ಬಣ್ಣ ಕೂತರೆ ಸ್ಕ್ರೂ ಒಳಗೆ ಹೋಗುವುದಿಲ್ಲ. ಬೇಯಿಸುವ ಮೊದಲೇ ಬಿರಡೆ ಹಾಕಿ ಮುಚ್ಚಿಸಬೇಕು. ಅದಕ್ಕಿಂತ ದೊಡ್ಡ ಮಾತು, ಕಿತ್ತುಹೋದ ಜಾಗಕ್ಕೆ ಮನೆಯಲ್ಲಿ ಅದನ್ನೇ ಹಚ್ಚಲಾಗುವುದಿಲ್ಲ. ಪೂರ್ತಿ ಕೆರೆಸಿ ಮತ್ತೆ ಬೇಯಿಸಬೇಕು.

ಹೋಗದ ಬಣ್ಣ ಅಂದಾಗ ನನಗೆ ನೆನಪಾಗುವುದು ಮೈಸೂರಿನ ಚುನಾವಣಾ ಶಾಯಿ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಕಟ್ಟಿಸಿದರು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುವ ಗುರುತು ಅಲ್ಲಿಯದೇ. ಆ ಶಾಯಿ ಸೋಪಿಗೆ ಜಗ್ಗದಿರುವುದು ದಪ್ಪಗಿದೆ ಅಂತಲ್ಲ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಬೇರೆಯೇ ವಸ್ತುವಾಗಿ ಬೆಳಕಿಗೆ ಕಪ್ಪಾಗುತ್ತದೆ. ಚರ್ಮವೇ ಬಣ್ಣವಾದ ಹಾಗೆ. ಅಲ್ಯೂಮಿನಿಯಂ ಚಾಸಿಗೆ ಮಾಡುವ ಅನೋಡೈಸಿಂಗೂ ಇದೇ ಜಾತಿಯದು; ಆಮ್ಲದಲ್ಲಿಟ್ಟು ವಿದ್ಯುತ್ ಹರಿಸಿದರೆ ಲೋಹವೇ ತನ್ನ ಮೇಲೆ ಗಟ್ಟಿ ಚರ್ಮ ಬೆಳೆಸಿಕೊಳ್ಳುತ್ತದೆ. ಚಾಸಿ ಅಲ್ಯೂಮಿನಿಯಮ್ಮಿನದಾಗಿದ್ದರೆ ನಾನು ಎರಡನೇ ಮಾತಿಲ್ಲದೆ ಅದನ್ನೇ ಹೇಳುತ್ತಿದ್ದೆ. ಇವನದು ಉಕ್ಕು.

ಉಕ್ಕನ್ನು ಹಾಗೇ ಬರಿಮೈಯಲ್ಲಿ ಬಿಡಬಹುದೆ? ಬಂಡೀಪುರ, ನಾಗರಹೊಳೆಯ ಕಾಡಂಚಿನಲ್ಲಿ ಆನೆ ತಡೆಯಲು ನೆಟ್ಟ ಹಳೇ ರೈಲು ಕಂಬಿಗಳು ತುಕ್ಕು ಹೊದ್ದೇ ನಿಂತಿವೆ. ಅವುಗಳ ಮೈಯಲ್ಲಿ ಕಳೆದುಕೊಳ್ಳುವಷ್ಟು ಕಬ್ಬಿಣವಿದೆ. ಎರಡು ಮಿಲಿಮೀಟರಿನ ಪಟ್ಟಿಯಲ್ಲಿ ಇಲ್ಲ.

ಮಾರನೇ ದಿನ ಕುಲುಮೆಗೆ ಹೋದೆವು. ಕುಡುಗೋಲು ತಟ್ಟಿಸಲು ನಾನು ವರ್ಷಕ್ಕೆರಡು ಸಲ ಹೋಗುವ ಜಾಗ. ಆಚಾರ್ರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಬಣ್ಣ ಮೇಲ ಕುಂತ್ಕತುದ ಮೇಷ್ಟ್ರೇ, ಎಣ್ಣ ಕಬ್ಬುಣುಕ್ಕ ಕಚ್ಕತುದ” ಅಂದರು. ಯಾವ ಎಣ್ಣೆ ಅಂದರೆ ಹುಚ್ಚೆಳ್ಳೆಣ್ಣೆ.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅವರ ಮಾತು ಸರಿ. ಅಗಸೆ, ಹುಚ್ಚೆಳ್ಳಿನಂಥ ಎಣ್ಣೆಗಳು ಗಾಳಿಗೆ, ಬಿಸಿಗೆ ಒಣಗಿ ಗಟ್ಟಿಯಾಗುವ ಜಾತಿ. ಅದಕ್ಕೇ ಬಣ್ಣ ತಯಾರಿಸುವವರೂ ಇವನ್ನು ಬಳಸುತ್ತಾರೆ. ನಮ್ಮಮ್ಮನ ದೋಸೆ ಹೆಂಚಿನ ಮೈ ಇನ್ನೇನು? ಅದರ ಮೇಲೆ ನಲವತ್ತು ವರ್ಷ ಸೌಟು, ಮಗುಚುವ ಕೈ ಎರಡೂ ಉಜ್ಜಿವೆ. ಒಂದು ಕಡೆ ಎದ್ದುಹೋದರೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ ಕಾಯಿಸಿದರಾಯಿತು, ಹೊಸದು ಹಳೆಯದರೊಂದಿಗೆ ಬೆಸೆದುಕೊಳ್ಳುತ್ತದೆ. ಉಜ್ಜಿಸಿಕೊಳ್ಳುವುದೇ ಕೆಲಸವಾದ ವಸ್ತುವಿಗೆ ಎಂದೂ ಕೀಳದ ಬಣ್ಣಕ್ಕಿಂತ, ಕಿತ್ತಲ್ಲಿ ನಾವೇ ಮತ್ತೆ ಹಚ್ಚಬಹುದಾದದ್ದು ಮೇಲು ಅಂತ ನನಗೆ ಗಟ್ಟಿಯಾದದ್ದು ಆಗ. ನೀರಿನಲ್ಲೇ ಬಿದ್ದಿರುವ ಗೇಟಿಗೆ, ಕಿಟಕಿ ಸರಳಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ರೆಡ್ ಆಕ್ಸೈಡೂ ಎನಾಮಲ್ಲೂ ಬೇಕೇ ಬೇಕು.

ಜೀಪನ್ನು ಪೂರ್ತಿ ಬಿಚ್ಚಿದೆವು. ಪ್ಲಾಸ್ಟಿಕ್, ರಬ್ಬರು, ವೈರು ಒಂದೂ ಉಳಿಯಬಾರದು. ಪಟ್ಟಿಗಳನ್ನು ಬಿಳಿ ಮೈ ಕಾಣುವವರೆಗೆ ಉಜ್ಜಿ, ಸೋಪಿನಲ್ಲಿ ತೊಳೆದು, ಒಲೆಯ ಪಕ್ಕ ಒಣಗಿಸಿದೆವು. ಅರ್ಧ ದಿನ ಇದಕ್ಕೇ ಹೋಯಿತು, ಹೋಗಬೇಕಾದದ್ದೇ. ಬೆರಳಿನ ಜಿಡ್ಡು ಉಳಿದರೂ ಯಾವ ಲೇಪವೂ ಕಚ್ಚುವುದಿಲ್ಲ. ಆಮೇಲೆ ಎಣ್ಣೆ ಸವರಿ, ತಪ್ಪಿ ಹಚ್ಚಿಬಿಟ್ಟೆವೇನೋ ಅನ್ನುವ ಹಾಗೆ ಪೂರ್ತಿ ಒರೆಸಿದೆವು. ದಪ್ಪವಾದರೆ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ. ಹಿತ್ತಲ ಸೌದೆ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಆಡಿಸಿದಾಗ ಪಟ್ಟಿ ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಕಾಫಿ ಬೀಜದ ಬಣ್ಣಕ್ಕೆ ತಿರುಗಿ, ಹೊಗೆ ಎದ್ದು ನಿಂತಿತು. ಹೀಗೆ ನಾಲ್ಕು ಸಲ. ಕೊನೆಗೆ ಬಂದ ಕಪ್ಪು ನೋಡಿ ಹುಡುಗ ಬಹಳ ಹೊತ್ತು ಮಾತೇ ಆಡಲಿಲ್ಲ.

ಮರುದಿನ ಬಂಡೆ ಹತ್ತಿಸಿದ. ಗೀರು ಬಿತ್ತು. ಕೂದಲೆಳೆಯಷ್ಟು ಬಿಳಿ ಗೆರೆ ಅಷ್ಟೇ, ಸಿಪ್ಪೆ ಏಳಲಿಲ್ಲ. ಅಲ್ಲೇ ಕೂತು ಚಿಂದಿಯಲ್ಲಿ ಎಣ್ಣೆ ಸವರಿದ. ಕಾಯಿಸುವುದು ಇನ್ನೊಮ್ಮೆ ಬಿಚ್ಚಿದಾಗ.

ಹೊರಡುವ ದಿನ ಅವನ ಬ್ಯಾಗಿನಲ್ಲಿ ಜೀಪಿನ ಪಕ್ಕ ಒಂದು ತುಂಡು ಎಮರಿ ಕಾಗದ, ಹಳೇ ಪಂಚೆಯ ಚೂರು, ಖಾಲಿ ಔಷಧಿ ಬಾಟಲಿಯಲ್ಲಿ ಹುಚ್ಚೆಳ್ಳೆಣ್ಣೆ ಇಟ್ಟೆ. ಅವನಮ್ಮ ಒಗ್ಗರಣೆಗೆ ಸುರಿದಾಳೆಂದು ಬಾಟಲಿಯ ಮೇಲೆ ‘ಜೀಪಿಗೆ’ ಎಂದು ಬರೆದು ಅಂಟಿಸಿದೆ.