ಪರದೆ ಹುಡುಕುವ ತೊಗಲು ಗೊಂಬೆ

ನಿಪ್ಪಾಣಿಯಲ್ಲಿ ಬಸ್ ಇಳಿದವರನ್ನು ಮೊದಲು ಮಾತನಾಡಿಸುವುದು ತಂಬಾಕಿನ ಘಾಟು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಪೇಟೆಯ ಹೆಸರು ಬೀಡಿ ತಂಬಾಕಿನಿಂದಲೇ ದೂರದೂರಕ್ಕೆ ಹೋದದ್ದು. ಚಹಾದಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ. ಯಾರಿಗೂ ಇದು ವಿಶೇಷವೆನಿಸುವುದಿಲ್ಲ. ಮನೆಯೊಳಗಿನ ಟಿವಿಯದೂ ಇದೇ ಕಥೆ. ಅಜ್ಜಿಗೆ ಮರಾಠಿ ಕೀರ್ತನೆ ಬೇಕು, ಸೊಸೆಗೆ ಕನ್ನಡದ ಧಾರಾವಾಹಿ, ಹುಡುಗರಿಗೆ ಇವೆರಡೂ ಬೇಡ, ಕಾರ್ಟೂನ್ ಆಗಬೇಕು. ರಿಮೋಟು ಒಂದೇ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳು. ನಿಪ್ಪಾಣಿ ಮತ್ತು ಕಾಗವಾಡ ಸ್ವತಂತ್ರ ತಾಲೂಕುಗಳಾದದ್ದು ಈಚೆಗೆ, 2018ರಲ್ಲಿ. ಈ ಐದೂ ಊರುಗಳನ್ನು ಸುತ್ತಿ ಬರುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. ಇಲ್ಲಿಯ ನದೀ ದಂಡೆಗಳಲ್ಲಿ, ಜಾತ್ರೆಗಳಲ್ಲಿ ರಾತ್ರಿಯಿಡೀ ಆಡುತ್ತಿದ್ದ ತೊಗಲು ಗೊಂಬೆ ಮತ್ತೆ ಎದ್ದು ನಿಂತರೆ, ಮನೆಮಂದಿಯೆಲ್ಲ ಕೂಡಿ ನೋಡುವ ಆ ಆಟಕ್ಕೆ ಟಿವಿಯಲ್ಲಿ ಮನೆ ಯಾವುದು? ಬೆಂಗಳೂರಿನ ಚಂದನವೋ, ಮುಂಬಯಿಯ ಸಹ್ಯಾದ್ರಿಯೋ?

ಪ್ರಶ್ನೆ ಕುಚೋದ್ಯದ್ದಲ್ಲ. ತೊಗಲು ಗೊಂಬೆ ಆಡಿಸುವ ಶಿಳ್ಳೇಕ್ಯಾತರು, ಅಂದರೆ ಕಿಳ್ಳೇಕ್ಯಾತರು, ಮನೆಯೊಳಗೆ ಆಡುವುದು ಮರಾಠಿಗೆ ಹತ್ತಿರದ ಒಂದು ಮಾತು. ಪರದೆಯ ಹಿಂದೆ ಕುಳಿತಾಗ ಬರುವುದು ಅಚ್ಚ ಕನ್ನಡ. ಈ ಕಡೆ ಅವರಿಗೆ ಕಟಬರು ಎಂಬ ಹೆಸರೂ ಇದೆ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪ್ರಾಂತ್ಯದ ಗೆಜೆಟಿಯರುಗಳು ಈ ಜನರನ್ನು ಗುರುತಿಸಿವೆ. ಹೊಳೆಯಲ್ಲಿ ಮೀನು ಹಿಡಿಯುವುದು, ರಾತ್ರಿ ಪಾಂಡವರ ಕಥೆ ಆಡಿಸುವುದು, ಎರಡೂ ಅವರ ಕಸುಬು. ಗಡಿಯ ಪ್ರಶ್ನೆ ಹುಟ್ಟುವ ಮೊದಲೇ ಎರಡೂ ಭಾಷೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಹೊತ್ತು ತಿರುಗಿದವರು ಇವರು.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ದಾರಿಯುದ್ದಕ್ಕೂ ಕಬ್ಬು, ತಂಬಾಕು, ಶೇಂಗಾ. ಚಿಕ್ಕೋಡಿ ಉಪವಿಭಾಗದ ಕೇಂದ್ರ. ಕಚೇರಿ, ಕೋರ್ಟು, ಕಾಲೇಜುಗಳ ಊರು. (ಇದರ ಹೆಸರಿನ ರೈಲು ನಿಲ್ದಾಣ ಮಾತ್ರ ಊರಿನಿಂದ ಬಲು ದೂರ. ‘ಚಿಕ್ಕೋಡಿ ರೋಡ್’ ಎಂಬ ಫಲಕ ನಂಬಿ ಇಳಿದವರು ಮತ್ತೊಂದು ಪ್ರಯಾಣಕ್ಕೆ ಸಿದ್ಧರಿರಬೇಕು.) ತಾಲೂಕಿನ ಉತ್ತರಕ್ಕೆ ಕೃಷ್ಣೆ, ದೂಧಗಂಗೆ. ಯಡೂರಿನ ವೀರಭದ್ರನ ಗುಡಿ ಹೊಳೆಯ ದಂಡೆಯಲ್ಲೇ ಇದೆ. ಮಳೆ ಬಾರದಿದ್ದರೆ, ದನಕರುಗಳಿಗೆ ರೋಗ ಬಂದರೆ ಊರವರು ವಂತಿಗೆ ಕೂಡಿಸಿ ಗೊಂಬೆ ಆಡಿಸುತ್ತಿದ್ದ ಕಾಲವಿತ್ತು. ಗೊಂಬೆಯಾಟ ಆಗ ಬರೀ ಮನರಂಜನೆಯಲ್ಲ, ಒಂದು ಹರಕೆ. ಸವೆದ ಗೊಂಬೆಯನ್ನು ಕಸಕ್ಕೆ ಎಸೆಯದೆ ಹೊಳೆಗೆ ಬಿಡುವ ರೂಢಿಯೂ ಈ ಕಸುಬಿನಲ್ಲಿ ಇದೆ. ಇದೇ ಹೊಳೆ 2019ರ ಆಗಸ್ಟಿನಲ್ಲಿ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಊರೂರುಗಳಿಗೆ ನುಗ್ಗಿತು. ಚರ್ಮಕ್ಕೆ ನೀರಿಗಿಂತ ದೊಡ್ಡ ಶತ್ರು ಇಲ್ಲ.

ರಾಯಬಾಗ ಮೊದಲು ಕೊಲ್ಹಾಪುರ ಸಂಸ್ಥಾನದ ಭಾಗ. ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆಗೆ. ಸಾಂಗಲಿ, ಕೊಲ್ಹಾಪುರಗಳ ಕಡೆಯಿಂದ ಎತ್ತಿನ ಗಾಡಿಗಳ ಸಾಲು ಬರುತ್ತದೆ. ಭಂಡಾರದಿಂದ ನೆಲ, ಮೈ, ಗಾಡಿ ಎಲ್ಲ ಹಳದಿ. ಇಂಥ ಕಡೆ ಗೊಂಬೆಯವನು ಯಾವ ಭಾಷೆಯಲ್ಲಿ ಆಡಿಸಬೇಕೆಂದು ಚಿಂತಿಸುತ್ತ ಕೂರುವಂತಿಲ್ಲ. ಎದುರಿಗಿರುವವರು ನಕ್ಕರೆ ಆಯಿತು. ನಗಿಸುವ ಹೊಣೆ ಹೊತ್ತವನು ಕಿಳ್ಳೇಕ್ಯಾತನೆಂಬ ಕೋಡಂಗಿ. ಜೊತೆಗೆ ಅವನ ಹೆಂಡತಿ ಬಂಗಾರಕ್ಕ. ರಾಮ, ಭೀಮ, ದ್ರೌಪದಿಯರು ಗಂಭೀರವಾಗಿ ಮಾತಾಡಿ ಹೋದ ಮೇಲೆ ಇವರಿಬ್ಬರು ಬಂದು ಊರಿನ ಸಾಲ, ಸಂತೆಯ ದರ, ಗೌಡರ ಜಿಪುಣತನ ಎಲ್ಲವನ್ನೂ ಬಯಲಿಗೆಳೆಯುತ್ತಾರೆ. ಪುರಾಣ ಎಲ್ಲ ಊರಿಗೂ ಒಂದೇ. ಕಿಳ್ಳೇಕ್ಯಾತ ಮಾತ್ರ ಆಯಾ ಊರಿನವನು.

ಟಿವಿಯವರು ಮೊದಲು ಕತ್ತರಿ ಹಾಕುವುದು ಇವನಿಗೇ. ಊಟವಾದ ಮೇಲೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುವ ಆಟವನ್ನು ಇಪ್ಪತ್ತೈದು ನಿಮಿಷಕ್ಕೆ ಇಳಿಸಬೇಕೆಂದಾಗ, ಕಥೆ ಉಳಿಯಲಿ, ಹಾಸ್ಯ ಹೋಗಲಿ ಎನ್ನುವುದು ಸುಲಭದ ದಾರಿ. ಮೇಲೊಂದು ಹಿನ್ನೆಲೆ ಧ್ವನಿ, ‘ನಮ್ಮ ಪ್ರಾಚೀನ ಜಾನಪದ ಕಲೆ’ ಎಂಬ ಪೀಠಿಕೆ. ನಡುವೆ ಗೊಂಬೆ ನಾಲ್ಕು ಸಲ ಕೈಯೆತ್ತಿ ಇಳಿಸಿದರೆ ಕಾರ್ಯಕ್ರಮ ಮುಗಿಯಿತು. ನೋಡಿದವರು ಗೌರವದಿಂದ ಚಾನೆಲ್ ಬದಲಿಸುತ್ತಾರೆ.

ರಾಯಬಾಗದಿಂದ ಕುಡಚಿ ದಾಟಿ ಹೊಳೆಯಾಚೆಗೆ ಅಥಣಿ. ಇದು ತೊಗಲಿನ ಕೆಲಸ ಬಲ್ಲ ಊರು. ಇಲ್ಲಿಯ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ದೇಶವೆಲ್ಲ ನಡೆದಾಡಿದವು. 2019ರಲ್ಲಿ ಆ ಹೆಸರಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಪಾಲುದಾರರಾದವು. ಒಂದು ಹೆಸರು, ಎರಡು ರಾಜ್ಯ, ಜಗಳವಿಲ್ಲ. ಚಪ್ಪಲಿಗೆ ಸಾಧ್ಯವಾದದ್ದು ಗೊಂಬೆಗೇಕೆ ಸಾಧ್ಯವಿಲ್ಲ?

ಚಪ್ಪಲಿಯ ತೊಗಲಿಗೂ ಗೊಂಬೆಯ ತೊಗಲಿಗೂ ಒಂದು ವ್ಯತ್ಯಾಸವಿದೆ. ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಅವುಗಳಲ್ಲಿನ ಟ್ಯಾನಿನ್ ಚರ್ಮದ ನಾರುಗಳೊಡನೆ ಬೆಸೆದು ಅದನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಬೆಳಕು ಆಚೆ ಹಾಯುವುದಿಲ್ಲ. ಗೊಂಬೆಗೆ ಬೇಕಾದದ್ದು ಹೀಗೆ ಹದ ಮಾಡದ ಚರ್ಮ, ಸಾಮಾನ್ಯವಾಗಿ ಆಡಿನದು. ಕೂದಲು ತೆಗೆದು, ಹೆರೆದು, ಎಳೆದು ಒಣಗಿಸಿದರೆ ಅದು ಎಣ್ಣೆ ಸವರಿದ ಕಾಗದದಂತೆ ಬೆಳಕನ್ನು ಸೋಸಿ ಬಿಡುತ್ತದೆ. ಆ ಮೇಲೆ ಬಣ್ಣ, ಉಳಿಯಿಂದ ಕೊರೆದ ತೂತುಗಳ ಒಡವೆ. ಕರ್ನಾಟಕದ ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ರಥ, ಕುದುರೆ, ಕೃಷ್ಣ, ಅರ್ಜುನ ಎಲ್ಲ ಇರುವ ದೃಶ್ಯಗಳೂ ಉಂಟು. ಪರದೆಯ ಮೇಲೆ ಕಾಣುವುದು ಕಪ್ಪು ನೆರಳಲ್ಲ, ಬಣ್ಣದ ಬೆಳಕು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಚೂಪು. ದೀಪದ ಕಡೆ ಸರಿಸಿದಂತೆ ಆಕೃತಿ ಹಿಗ್ಗಿ, ಅಂಚು ಮಸುಕಾಗುತ್ತದೆ. ರಾಕ್ಷಸ ದೊಡ್ಡವನಾಗಿ ಮಾಯವಾಗುವುದು ಈ ಉಪಾಯದಿಂದಲೇ.

ಕ್ಯಾಮೆರಾದ ತೊಂದರೆ ಇಲ್ಲಿಂದ ಶುರು. ಎಣ್ಣೆ ದೀಪದ ಬೆಳಕು ಕೆಂಪು ಹಳದಿ. ಕ್ಯಾಮೆರಾ ತಾನಾಗಿ ಅದನ್ನು ಬಿಳಿ ಮಾಡಲು ಹೊರಟರೆ ಗೊಂಬೆಯ ಕೆಂಪು ಸತ್ತುಹೋಗುತ್ತದೆ. ದೀಪದ ಬದಲು ಟ್ಯೂಬ್‌ಲೈಟ್ ಇಟ್ಟರೆ ಇನ್ನೊಂದು ಪೀಡೆ. ನಮ್ಮ ವಿದ್ಯುತ್ತಿನಲ್ಲಿ ಹಳೆಯ ಬಗೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾದ ಲೆಕ್ಕ ಅದಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಪಟ್ಟೆಗಳು ಓಡಾಡುತ್ತವೆ. ಇನ್ನು ಸ್ಟುಡಿಯೋದವರು ಗೊಂಬೆ ಚೆನ್ನಾಗಿ ಕಾಣಲೆಂದು ಮುಂದಿನಿಂದಲೂ ದೀಪ ಬಿಟ್ಟರೆ ಮುಗಿದೇ ಹೋಯಿತು, ಗೊಂಬೆ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತಾಗುತ್ತದೆ. ಇವೆಲ್ಲ ಬಗೆಹರಿಸಲಾಗದ ಸಮಸ್ಯೆಗಳಲ್ಲ. ಗೊಂಬೆಯವರ ಜೊತೆ ಒಂದು ಸಂಜೆ ಕೂತು ಬೆಳಕು ಹೊಂದಿಸುವ ತಾಳ್ಮೆ ಸಾಕು.

ಹಾಗೆ ನೋಡಿದರೆ ಈ ಸೀಮೆಯ ನೆರೆಗೆ ಟಿವಿ ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆಯ್ಕೆಯಾದವು ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಅಥಣಿಯ ಪೂರ್ವಕ್ಕೆ ಬಿಜಾಪುರದ ಗಡಿ. ಆ ಊರುಗಳಲ್ಲಿ ಜನ ಶಾಲೆಯ ಅಂಗಳದಲ್ಲಿ, ಕೋಳಿಬಲೆಯಂಥ ದೊಡ್ಡ ಆಂಟೆನಾದ ಕೆಳಗೆ, ಗೊಂಬೆಯಾಟಕ್ಕೆ ಕೂರುವಂತೆ ಗುಂಪಾಗಿ ಕೂತು ಟಿವಿ ನೋಡಿದರು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಮುಂದೆ ಮನೆಮನೆಗೆ ಪೆಟ್ಟಿಗೆ ಬಂದು ಅಂಗಳ ಖಾಲಿಯಾಯಿತು. ಗೊಂಬೆಯವರ ಪರದೆ ಮಡಚಿದ್ದಕ್ಕೆ ಸಿನಿಮಾ ಒಂದು ಕಾರಣವಾದರೆ ಇದು ಇನ್ನೊಂದು.

ಕಾಗವಾಡಕ್ಕೆ ಬಂದರೆ ಮೀರಜ ಕೂಗಳತೆಯಲ್ಲಿ, ಅದರಾಚೆ ಸಾಂಗಲಿ. ಉಗಾರ, ಶೇಡಬಾಳದ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಸಾಂಗಲಿಗೂ ಕನ್ನಡದ ಆಟಕ್ಕೂ ಹಳೆಯ ನಂಟು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಮೇಳವೊಂದು ಸಾಂಗಲಿಯ ಅರಸರ ಮುಂದೆ ಆಡಿತು. ಅದನ್ನು ಕಂಡ ಅರಸರು ಇಂಥದೇ ಆಟ ಮರಾಠಿಯಲ್ಲಿ ಆಗಲಿ ಎಂದರು. ಅವರ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಇದೇ ಭಾವೆ ಸೂತ್ರದ ಗೊಂಬೆಗಳನ್ನೂ ಮಾಡಿದ್ದರು. ಅವು ನೂರು ವರ್ಷಕ್ಕೂ ಮೀರಿ ಮೂಲೆಗೆ ಬಿದ್ದ ಮೇಲೆ ಎತ್ತಿ ದುರಸ್ತಿ ಮಾಡಿ ಮತ್ತೆ ಕುಣಿಸಿದವರು ಮುಂಬಯಿಯ ರಾಮದಾಸ ಪಾಧ್ಯೆ.

ಪಾಧ್ಯೆಯವರ ಮನೆಯ ಕಥೆ ಈ ಪ್ರಶ್ನೆಗೆ ಅರ್ಧ ಉತ್ತರ. ತಂದೆ ಮಾಡಿಸಿದ ‘ಅರ್ಧವಟರಾವ್’ ಎಂಬ ಮಾತಾಡುವ ಗೊಂಬೆ ಈಗ ಶತಮಾನ ದಾಟಿದೆ. ಮಗ ಅದನ್ನು ಮರಾಠಿ ದೂರದರ್ಶನಕ್ಕೆ ಒಯ್ದರು. ಮೊಮ್ಮಕ್ಕಳೂ ಅದೇ ದಾರಿ ಹಿಡಿದಿದ್ದಾರೆ. ಹಪ್ಪಳದ ಜಾಹೀರಾತಿನ ಮೊಲ ಇವರದೇ. 1993ರ ‘ಝಪಾಟಲೇಲಾ’ ಸಿನಿಮಾದ ತಾತ್ಯಾ ವಿಂಚೂ ಎಂಬ ಭಯಂಕರ ಗೊಂಬೆಯೂ ಇವರದೇ. ಸಾಮಾನ್ಯ ನಗರದ ಮನೆಯ ಮರಾಠಿ, ದಿನದಿನದ ತಮಾಷೆ, ಚಿಕ್ಕ ಚಿಕ್ಕ ತುಣುಕು; ಪೆಟ್ಟಿಗೆಗೆ ಅದು ಒಗ್ಗಿತು.

ಕನ್ನಡದಲ್ಲಿ ಗೊಂಬೆಗೆ ಮಾನ ಸಿಕ್ಕಿಲ್ಲವೆಂದಲ್ಲ. ಉಪ್ಪಿನಕುದ್ರಿನ ಕಾಮತರ ಮನೆತನ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದು ಹೊರದೇಶಗಳಲ್ಲೂ ಆಡಿಸಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ರಂಗನಟರಾಗಿದ್ದವರು, ತೊಗಲು ಗೊಂಬೆಗೆ ಸ್ವಾತಂತ್ರ್ಯ ಹೋರಾಟದ, ಗಾಂಧೀಜಿಯ ಕಥೆ ಹೇಳಿಕೊಟ್ಟರು, 2023ರಲ್ಲಿ ತೀರಿಕೊಂಡರು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂತು. ಆದರೆ ಪ್ರಶಸ್ತಿ ಬಂದ ದಿನ ವಾರ್ತೆಯಲ್ಲಿ ಎರಡು ನಿಮಿಷ ಕಾಣುವುದು ಬೇರೆ, ವಾರವಾರ ಒಂದು ಹೊತ್ತಿಗೆ ಮನೆಮಂದಿ ಕಾದು ನೋಡುವುದು ಬೇರೆ.

ಮನೆ ಹುಡುಕುವ ಈ ಪಾಡು ನಮ್ಮವರದಷ್ಟೇ ಅಲ್ಲ. ಜಗತ್ತೆಲ್ಲ ನೋಡಿದ ‘ಮಪೆಟ್ ಷೋ’ಗೆ ಅಮೆರಿಕದ ದೊಡ್ಡ ಟಿವಿ ಕಂಪನಿಗಳು ಬಾಗಿಲು ಹಾಕಿದ್ದವು, ದೊಡ್ಡವರೂ ಗೊಂಬೆ ನೋಡುತ್ತಾರೆಂದು ಅವು ನಂಬಲಿಲ್ಲ. ಕೊನೆಗೆ ಜಿಮ್ ಹೆನ್ಸನ್ ಇಂಗ್ಲೆಂಡಿಗೆ ಹೋಗಿ, 1976ರಿಂದ 1981ರವರೆಗೆ ಅಲ್ಲಿ 120 ಕಂತು ತಯಾರಿಸಿದರು. ಹೆನ್ಸನ್ ಗೊಂಬೆಗೆ ಬೇರೆ ರಂಗಮಂಚ ಕಟ್ಟಲಿಲ್ಲ. ಟಿವಿಯ ಚೌಕಟ್ಟೇ ಮಂಚ. ನಮ್ಮ ತೊಗಲು ಗೊಂಬೆಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚೌಕ ಬಿಳಿ ಪರದೆ, ಹಿಂದಿನಿಂದ ಬೆಳಕು, ಮುಂದೆ ಜನ: ಅದು ಹುಟ್ಟಿನಿಂದ ಹಾಗೆಯೇ ಇದೆ. ಇಂದಿನ ಟಿವಿಯ ಅಗಲ ಚೌಕಟ್ಟಂತೂ ರಥ ಓಡಿಸಲು ಹೇಳಿ ಮಾಡಿಸಿದಂತಿದೆ. ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆಯುವ ತುಣುಕುಗಳಲ್ಲಿ ಮಾತ್ರ ರಥದ ಚಕ್ರವೋ ಕುದುರೆಯ ಮೂತಿಯೋ ಹೊರಗುಳಿಯುತ್ತದೆ.

ಹಾಗಾದರೆ ಚಂದನವೋ ಸಹ್ಯಾದ್ರಿಯೋ? 2004ರಲ್ಲಿ ಶುರುವಾದ, ಈಗ ಫ್ರೀ ಡಿಶ್ ಎನ್ನುವ ದೂರದರ್ಶನದ ತಟ್ಟೆ ಹಾಕಿಸಿದ ಮನೆಗೆ ಎರಡೂ ಪುಕ್ಕಟೆ ಬರುತ್ತವೆ. ಖಾಸಗಿ ಚಾನೆಲುಗಳ ಸಂಜೆಯ ಹೊತ್ತು ಧಾರಾವಾಹಿಗಳಿಗೆ ಮುಡಿಪು; ಅಲ್ಲಿ ಗೊಂಬೆಗೆ ಜಾಗ ಕೇಳುವುದು ಕಷ್ಟ. ಪದ್ಯ, ಕಥೆ, ಮೇಳದ ಮಾತು ಕನ್ನಡದ್ದಾದ್ದರಿಂದ ಮನೆ ಚಂದನದಲ್ಲೇ ಆಗಬೇಕು. ಆದರೆ ಒಂದು ಕರಾರು. ಕಿಳ್ಳೇಕ್ಯಾತ ‘ಬನ್ನಿ, ಏನು ಮಾಡ್ತಿದ್ದೀರಿ?’ ಎನ್ನಕೂಡದು. ‘ಬರ್ರಿ ಯಪ್ಪಾ, ಏನ್ ಮಾಡಾಕತ್ತೀರಿ?’ ಎನ್ನಬೇಕು, ನಡುವೆ ಒಂದು ಮರಾಠಿ ಬೈಗುಳ ಬಂದರೆ ಸಂಪಾದಕರು ಬೆಚ್ಚಬಾರದು. 1950ರಲ್ಲಿ ಬಂದ ಧಾರವಾಡ ಆಕಾಶವಾಣಿ ಈ ಸೀಮೆಯ ಮಾತಿಗೆ ರೇಡಿಯೋದಲ್ಲಿ ಜಾಗ ಕೊಟ್ಟಿತು. ಬೆಂಗಳೂರಿನವರಿಗೂ ಅದು ತಿಳಿಯದೆ ಹೋಗಲಿಲ್ಲ.

ಚಿತ್ರೀಕರಣವೂ ಸ್ಟುಡಿಯೋದಲ್ಲಿ ಬೇಡ. ಚಿಂಚಲಿಯ ಜಾತ್ರೆ ಮುಗಿದ ಮರುವಾರ, ಕಬ್ಬು ಕಡಿದ ಗದ್ದೆಯಲ್ಲಿ ಪರದೆ ಕಟ್ಟಿ, ಊರವರನ್ನು ಕೂರಿಸಿ, ಒಂದು ಕ್ಯಾಮೆರಾ ಪರದೆಗೂ ಒಂದು ಜನರ ಮುಖಕ್ಕೂ ಇಟ್ಟರೆ ಸಾಕು. ಒಂದು ರಾತ್ರಿಯ ಆಟದಿಂದ ಆರೇಳು ಕಂತು ತೆಗೆಯಬಹುದು. ಗೊಂಬೆಯವರಿಗೆ ಕೂಲಿ ಕಂತಿನ ಲೆಕ್ಕದಲ್ಲಿ ಕೊಡಬೇಕು, ರಾತ್ರಿಯ ಲೆಕ್ಕದಲ್ಲಲ್ಲ. ಮರುಪ್ರಸಾರವಾದಾಗಲೂ ಅವರ ಪಾಲು ತಲುಪಬೇಕು. ಮೊದಲ ಕಂತಿಗೆ ಕುರುಕ್ಷೇತ್ರ ಬೇಡ. ಬಂಗಾರಕ್ಕ ಸಂತೆಗೆ ಹೋಗುವ ಪ್ರಸಂಗ ಇರಲಿ. ನಿಪ್ಪಾಣಿಯ ಗುರುವಾರದ ಸಂತೆಯೋ, ಅಥಣಿಯದೋ ಎಂದು ಗಂಡ ಹೆಂಡಿರ ಜಗಳ ಅರ್ಧ ತಾಸು ನಡೆಯಲಿ.