ಕಪಿಲೆಯ ತೆಳುನೀರಿನಲ್ಲಿ ಒಂದು ರಾಗಿ ಉಂಡೆ

ನಂಜನಗೂಡಿಗೆ ಹೋದವರು ಶ್ರೀಕಂಠೇಶ್ವರನ ದರ್ಶನ ಮಾಡಿ, ಸ್ನಾನಘಟ್ಟದಲ್ಲಿ ಕಾಲು ನೆನೆಸಿ, ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಂಡು ಬಸ್ಸು ಹತ್ತುತ್ತಾರೆ. ಹೊಳೆ ನೋಡಲೆಂದೇ ನಿಲ್ಲುವವರು ಕಡಿಮೆ. ಊರಿನ ಗದ್ದಲ ದಾಟಿ ಸುತ್ತೂರಿನ ಕಡೆಗೆ ದಂಡೆ ಹಿಡಿದು ನಡೆದರೆ, ಬೇಸಿಗೆಯ ಕಪಿಲೆ ಅಲ್ಲಲ್ಲಿ ಮೊಣಕಾಲುದ್ದಕ್ಕೆ ಇಳಿದು ಮರಳು, ಕಲ್ಲುಗಳ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಬೆಳಗಿನ ಹೊತ್ತು ಇಂಥ ಕಡೆ ರಜೆಗೆ ಬಂದ ಮೊಮ್ಮಗನನ್ನು ಕೂರಿಸಿಕೊಂಡು ಗಾಳ ಹಾಕುವ ತಾತಂದಿರು ಕಾಣಸಿಗುತ್ತಾರೆ.

ಆಳದ ಮಡುವಿನಲ್ಲಿ ಗಾಳ ಇಳಿಬಿಟ್ಟು ಕಾಯುವುದು ಸುಲಭ. ತೆಳುನೀರಿನದು ಬೇರೆಯೇ ವಿದ್ಯೆ. ಇಲ್ಲಿ ನಾವು ಮೀನನ್ನು ಕಾಣುವ ಮೊದಲೇ ಮೀನು ನಮ್ಮನ್ನು ಕಂಡಿರುತ್ತದೆ. ಹತ್ತನೆಯ ತರಗತಿಯ ಬೆಳಕಿನ ವಕ್ರೀಭವನದ ಪಾಠವನ್ನು ನೆನಪಿಸಿಕೊಳ್ಳಿ. ನೀರಿನ ಹೊರಗಿನ ಇಡೀ ಲೋಕ ಮೀನಿನ ಕಣ್ಣಿಗೆ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಅಡಗಿ ಕಾಣುತ್ತದೆ. ದಂಡೆಯಲ್ಲಿ ಎದ್ದು ನಿಂತವನು ಆ ಕಿಟಕಿಯಲ್ಲಿ ಸ್ಪಷ್ಟವಾಗಿ ಮೂಡುತ್ತಾನೆ. ಕುಕ್ಕರುಗಾಲಲ್ಲಿ ಕುಳಿತವನು ಅದರ ಅಂಚಿಗೆ ಸರಿದು ಚಪ್ಪಟೆಯಾಗಿಬಿಡುತ್ತಾನೆ. ಹೆಜ್ಜೆಯ ಅದುರನ್ನು ಹಿಡಿಯಲು ಮೀನಿನ ಮೈಯ ಎರಡೂ ಪಕ್ಕದಲ್ಲಿ ಸೂಕ್ಷ್ಮವಾದ ಒಂದು ಗೆರೆಯೇ ಇದೆ. ತಾತ ಇದಾವುದನ್ನೂ ಓದಿದವರಲ್ಲ. "ಕೂತ್ಕಳ್ಲಾ ಮಗ, ನೆಳ್ಳು ನೀರಿಗೆ ಬುಡಬ್ಯಾಡ" ಎಂದಷ್ಟೇ ಗದರುತ್ತಾರೆ.

ಇನ್ನು ಎರೆ. ಎರೆಹುಳು ಎಲ್ಲರಿಗೂ ಗೊತ್ತು. ಆದರೆ ಈ ಸೀಮೆಯ ಹೆಸರುವಾಸಿ ಎರೆ ರಾಗಿಹಿಟ್ಟಿನ ಉಂಡೆ. ಹಿಟ್ಟನ್ನು ಮುದ್ದೆಯಂತೆ ಬೇಯಿಸಿ, ಅಂಟು ಬರುವವರೆಗೆ ನಾದಿ, ಗಾಳದ ಮೊನೆ ಮುಚ್ಚುವಂತೆ ಮೆತ್ತಬೇಕು. ಕೆಲವರು ಕಡಲೆಕಾಯಿ ಹಿಂಡಿ ಸೇರಿಸುತ್ತಾರೆ, ಕೆಲವರು ಸೋಂಪು, ಇನ್ನು ಕೆಲವರು ಚಿಟಿಕೆ ಇಂಗು. ಯಾವುದು ಮೇಲು ಎಂಬ ಜಗಳ ಮುಗಿಯುವಂಥದ್ದಲ್ಲ. ಉಂಡೆ ತೀರ ಗಟ್ಟಿಯಾದರೆ ವಾಸನೆ ಬಿಡದು, ಮೆತ್ತಗಾದರೆ ಎಸೆದ ರಭಸಕ್ಕೇ ಕಳಚಿ ಬೀಳುತ್ತದೆ. ಹುಡುಗರ ಮೊದಲ ನಾಲ್ಕು ದಿನ ಇದರಲ್ಲೇ ಕಳೆಯುತ್ತದೆ.

ಮೀನಿಗೆ ಮೂಗುಂಟೇ ಎಂದು ಮಕ್ಕಳು ಕೇಳುವುದುಂಟು. ಉಂಟು. ಅದು ಉಸಿರಾಟಕ್ಕಲ್ಲ, ಮೂಸುವುದಕ್ಕೆ ಮಾತ್ರ. ನೀರು ಹೊಳ್ಳೆಯ ಮುಂದಿನ ತೂತಿನಿಂದ ಒಳಹೊಕ್ಕು ಹಿಂದಿನದರಿಂದ ಹೊರಬೀಳುತ್ತದೆ. ನೀರಿನಲ್ಲಿ ಕರಗಿದ ಅಮೈನೋ ಆಮ್ಲಗಳ ಸುಳಿವನ್ನು ಅದು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಮೀಸೆಯುಳ್ಳ ಮೀನುಗಳಲ್ಲಂತೂ ಮೀಸೆಯ ಮೇಲೂ ಮೈಯ ಮೇಲೂ ರುಚಿಮೊಗ್ಗುಗಳಿರುತ್ತವೆ. ವಾಸನೆ ಹರಿವಿನ ಜೊತೆ ಕೆಳಕ್ಕೆ ಸಾಗುವುದರಿಂದ, ಅದರ ಜಾಡು ಹಿಡಿದ ಮೀನು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಗಾಳ ಎಲ್ಲಿ ಬೀಳಬೇಕೆಂಬ ಲೆಕ್ಕ ಇಷ್ಟೇ.

ಇದೇ ವಿದ್ಯೆ ಅಮೆರಿಕದ ಫ್ಲಾರಿಡಾ ಕಡಲಂಚಿನ ತೆಳುನೀರಿನಲ್ಲೂ ಇದೆ, ರಾಗಿಯ ಬದಲಿಗೆ ಪ್ಲಾಸ್ಟಿಕ್ ಹುಳು. ಓಹಿಯೊದ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ರೂಪಿಸಿದ. ಆಮೇಲೆ ಅದಕ್ಕೆ ಸೋಂಪು, ಬೆಳ್ಳುಳ್ಳಿ, ಸೀಗಡಿಯ ವಾಸನೆಗಳೂ ಕೂಡಿದವು. ಮೊಬೈಲಿನಲ್ಲಿ ಇದನ್ನು ಕಂಡ ಮಕ್ಕಳು ತರಿಸಿಕೊಡಿ ಎಂದು ಹಟ ಹಿಡಿಯುತ್ತಾರೆ. ತರಿಸುವ ಮೊದಲು ಒಂದು ಮಾತು. ಎಣ್ಣೆಯ ವಾಸನೆ ನೀರಿನಲ್ಲಿ ಸುಲಭವಾಗಿ ಕರಗದು. ಕಲ್ಲಿಗೆ ಸಿಕ್ಕಿ ಹರಿದುಹೋದ ಪ್ಲಾಸ್ಟಿಕ್ ಹುಳುವಂತೂ ವರ್ಷಗಟ್ಟಲೆ ಹೊಳೆಯ ತಳದಲ್ಲೇ ಉಳಿಯುತ್ತದೆ, ಮೀನಿನ ಹೊಟ್ಟೆಗೂ ಸೇರುತ್ತದೆ. ರಾಗಿ ಉಂಡೆ ಕಳಚಿದರೆ ಮರಿಮೀನುಗಳಿಗೆ ಊಟ.

ಸುತ್ತೂರು ದಾಟಿ ಕಪಿಲೆ ತಿರುಮಕೂಡಲು ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುತ್ತಾಳೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಸಂಗಮದ ಮೂಲೆಯಲ್ಲಿ ಅಗಸ್ತ್ಯೇಶ್ವರ. ನೋಟ ಸೊಗಸು, ಆದರೆ ಕಲಿಯುವ ಮಕ್ಕಳ ಜಾಗ ಇದಲ್ಲ. ಎರಡು ಹರಿವು ಕೂಡುವಲ್ಲಿ ಸುಳಿಗಳಿರುತ್ತವೆ. ಮರಳು ತೆಗೆದ ಗುಂಡಿ ಮೊಣಕಾಲುದ್ದದ ನೀರಿನ ಮುಂದಿನ ಹೆಜ್ಜೆಯಲ್ಲೇ ಬಾಯ್ದೆರೆದಿರಬಹುದು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪವೇ ಮುಳುಗುತ್ತದೆ. ಮಂಟಪದ ಕಾಲಿಗೆ ನೀರು ಏರತೊಡಗಿದರೆ ಗಾಳ ಸುತ್ತಿಟ್ಟು ಮನೆಗೆ ಹೋಗುವುದು ಅಲ್ಲಿನವರ ರೂಢಿ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ದೊಡ್ಡವರ ಜೊತೆಯಲ್ಲೇ ಮಕ್ಕಳನ್ನು ಕಳಿಸಬೇಕು. ದೇವಸ್ಥಾನದ ಘಟ್ಟಗಳ ಬಳಿ ಗಾಳದ ಮಾತೇ ಬೇಡ.

ಈ ನೀರಿನ ದೊಡ್ಡ ಕಥೆ ಬಿಳಿಮೀನಿನದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಇದೇ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡ್ ತೂಗಿತು. ಅಂದರೆ 54 ಕಿಲೋ, ಹೈಸ್ಕೂಲು ಹುಡುಗನೊಬ್ಬನ ತೂಕ! ಅಣೆಕಟ್ಟುಗಳು ಬಂದವು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯ್ದೆಯೇ ನಿಷೇಧಿಸಿದ್ದರೂ ನಿಲ್ಲಲಿಲ್ಲ. ಸದುದ್ದೇಶದಿಂದಲೇ ಲೋಣಾವಳದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಬೇರೆ ಜಾತಿಯ ಮಹಶೀರ್ ಮರಿಗಳು ಕಾವೇರಿಯಲ್ಲಿ ನೆಲದ ಜಾತಿಯ ಜಾಗವನ್ನೇ ಹಿಡಿದವು. ಗೂನುಬೆನ್ನಿನ ಈ ಮೂಲ ಜಾತಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಅದು ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು.

ಈಗ ಹುಡುಗರ ಗಾಳಕ್ಕೆ ಹೆಚ್ಚಾಗಿ ಬೀಳುವುದು ಜಿಲೇಬಿ ಮೀನು. ಆಫ್ರಿಕಾ ಮೂಲದ ಅದು ಭಾರತಕ್ಕೆ ಬಂದದ್ದು 1952ರಲ್ಲಿ. ಬೆಂಡು ಒಮ್ಮೆ ತುಸು ನಡುಗುತ್ತದೆ, ಮತ್ತೊಮ್ಮೆ, ಆಮೇಲೆ ಸರಕ್ಕನೆ ಮುಳುಗುತ್ತದೆ. ಹುಡುಗ ಎಳೆದಾಗ ಅಂಗೈಯಗಲದ ಜಿಲೇಬಿ ದಂಡೆಯ ಹುಲ್ಲಿನ ಮೇಲೆ ಪಟಪಟಿಸುತ್ತದೆ. ತಾತ ಬಗ್ಗಿ ಬೆನ್ನು, ರೆಕ್ಕೆ, ಹೊಳಪು ಎಲ್ಲವನ್ನೂ ನೋಡುತ್ತಾರೆ. "ಬಿಳಿಮೀನಾ ತಾತ?" ಎಂದರೆ, "ಅಲ್ಲ ಕನ್ಲಾ, ಅದ್ ಬಂದ್ರೆ ಕೈ ಒದ್ದೆ ಮಾಡ್ಕಂಡು ಮೆಲ್ಲಗೆ ನೀರಿಗ್ ಬುಟ್‌ಬುಡು" ಎನ್ನುತ್ತಾ ಇನ್ನೊಂದು ರಾಗಿ ಉಂಡೆಯನ್ನು ಅಂಗೈಯಲ್ಲಿ ತಿರುವತೊಡಗುತ್ತಾರೆ.