ತಾತನ ಮುದ್ದೆ, ನನ್ನ ಶುಗರ್

ಶುಗರ್ ಇದೆ ಎಂದು ಗೊತ್ತಾದವನಿಗೆ ಸಲಹೆಗೆ ಬರವಿಲ್ಲ. ಡಯಟೀಷಿಯನ್ ಕೊಟ್ಟ ಚೀಟಿಯಲ್ಲಿ ರಾತ್ರಿ ಎರಡು ಚಪಾತಿ. ಮಾಗಡಿ ಕಡೆಯ ನಮ್ಮ ಮನೆಯಲ್ಲಿ ಚಪಾತಿ ನೆಂಟರು ಬಂದಾಗಿನ ವಿಶೇಷ; ಅದು ಪಥ್ಯವಾದದ್ದು ನನ್ನ ಕಾಲಕ್ಕೆ. ಊರಲ್ಲಿ ದೊಡ್ಡಪ್ಪನ ಚಿಕಿತ್ಸೆಯೇ ಬೇರೆ: "ಅದೆಲ್ಲ ಬುಡ್ಲಾ, ಎಲ್ಡು ಮುದ್ದೆ ಉಣ್ಣು. ನಮ್ಮಪ್ಪಂಗೆ ಸುಗರ್ ಇತ್ತಾ?"

ಇತ್ತೋ ಇಲ್ಲವೋ, ಯಾರೂ ರಕ್ತ ತೆಗೆಸಿ ನೋಡಿರಲಿಲ್ಲ.

ರಾಗಿಯ ಮೇಲೆ ನಮಗಿರುವ ಅಭಿಮಾನ ಹಳೆಯದು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಮ ರಾಗಿ, ಭತ್ತ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕೆಡದೆ ಹೊರಬರುವುದು ರಾಗಿ. ನಮ್ಮವರು ಅದನ್ನು ಹಗೇವಿನಲ್ಲಿ, ನೆಲದೊಳಗೆ, ವರ್ಷಗಟ್ಟಲೆ ಇಟ್ಟು ಬರಗಾಲ ದಾಟಿದರು. ಆದರೂ ಇದು ಮೂಲದಲ್ಲಿ ಪೂರ್ವ ಆಫ್ರಿಕಾದ ಬೆಳೆ, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ'ನವರು ಆಫ್ರಿಕಾದ ತಳಿಗಳನ್ನೇ ಮತ್ತೆ ನಮ್ಮವುಗಳೊಂದಿಗೆ ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟರು. ದೊಡ್ಡಪ್ಪ 'ನಮ್ಮ ನಾಟಿ ರಾಗಿ' ಎಂದು ಬೀಗುವಾಗ ನಾನು ಈ ವಿಷಯ ಎತ್ತುವುದಿಲ್ಲ.

ರಾಗಿಯ ಗುಣ ಸುಳ್ಳಲ್ಲ. ಕಾಳು ಸಣ್ಣದು, ಸಿಪ್ಪೆ ಅಂಟಿಕೊಂಡೇ ಇರುತ್ತದೆ. ಅಕ್ಕಿಯಂತೆ ಪಾಲಿಷ್ ಮಾಡುವುದು ಸುಲಭವಲ್ಲ. ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ. ಆದರೆ ಅದೇ ನೂರು ಗ್ರಾಂನಲ್ಲಿ ಎಪ್ಪತ್ತು ಗ್ರಾಂ ಹತ್ತಿರ ಕಾರ್ಬೋಹೈಡ್ರೇಟೂ ಇದೆ, ಗೋಧಿಯಷ್ಟೇ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ತಂದರು: ಯಾವ ಊಟ ಎಷ್ಟು ಬೇಗ ಸಕ್ಕರೆ ಏರಿಸುತ್ತದೆಂಬ ಲೆಕ್ಕ. ನುಣ್ಣಗೆ ಬೀಸಿದ ಹಿಟ್ಟು ಚೆನ್ನಾಗಿ ಬೆಂದರೆ ಬೇಗ ಅರಗುತ್ತದೆ, ಬೇಗ ಏರಿಸುತ್ತದೆ. ಮಿಲ್ಲಿನ ಹಿಟ್ಟಿನ ದೊಡ್ಡ ಮುದ್ದೆ ಉಂಡ ದಿನ ನನ್ನ ಗ್ಲುಕೋಮೀಟರ್ ಪರಂಪರೆಗೆ ಏನೂ ರಿಯಾಯಿತಿ ಕೊಡುವುದಿಲ್ಲ.

ನನಗನಿಸುವುದು, ನಾವು ಮುದ್ದೆಯನ್ನಷ್ಟೇ ನೆನಪಿಟ್ಟುಕೊಂಡು ಅದರ ಪರಿವಾರವನ್ನು ಮರೆತೆವು. ತಾತನ ತಟ್ಟೆಯಲ್ಲಿ ಹುರುಳಿಕಾಳಿನ ಬಸ್ಸಾರು, ಹೊಲದ ಬದುವಿನ ಅಣ್ಣೆಸೊಪ್ಪು, ಸುಗ್ಗಿಯಲ್ಲಿ ಅವರೆಕಾಯಿ. ಹಿಟ್ಟು ಬೀಸುಕಲ್ಲಿನದು, ತರಿತರಿ. ಉಂಡೆದ್ದರೆ ನೇಗಿಲು. ಹಸಿದ ದಿನಗಳೂ ಬೇಕಾದಷ್ಟಿದ್ದವು. ಅದನ್ನು ಯಾರೂ ಪಥ್ಯವೆಂದು ಕರೆಯಲಿಲ್ಲ. ದೊಡ್ಡಪ್ಪನ ಹೊಲಕ್ಕೀಗ ಟ್ರ್ಯಾಕ್ಟರ್ ಬರುತ್ತದೆ, ಮುದ್ದೆಯ ಗಾತ್ರ ಮಾತ್ರ ನೇಗಿಲಿನ ಕಾಲದ್ದೇ.

ಹೋದ ಸಲ ಡಯಟೀಷಿಯನ್ ಮುಂದೆ ಬಸ್ಸಾರನ್ನು ವಿವರಿಸಿದೆ. "ಕಾಳು, ಸೊಪ್ಪು ಎರಡೂ ಇದೆಯಲ್ಲ, ಮೊದಲೇ ಹೇಳಬಾರದಿತ್ತೇ?" ಎಂದು ಚಪಾತಿ ಹೊಡೆದು ಹಾಕಿ 'ಮುದ್ದೆ: 1, ಸಣ್ಣದು' ಎಂದು ಬರೆದರು. ಚೀಟಿಯನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಮುದ್ದೆ ಕಟ್ಟುತ್ತಲೇ ಕೇಳಿಸಿಕೊಂಡು, "ಸಣ್ಣದೇ ಕಣಪ್ಪ ಇದು" ಎಂದು ತಟ್ಟೆಗೆ ಇಟ್ಟರು. ತೂಕ ಹಾಕುವ ಧೈರ್ಯ ನನಗಿರಲಿಲ್ಲ.